ಕರಿಬೇವಿಗೆ ಎರಡು ಡುಬ್ಬ

ಸಾಸಿವೆ ಚಟಪಟ ಅನ್ನುವ ಹೊತ್ತಿಗೆ ಕರಿಬೇವು ನನ್ನ ಕೈಯಲ್ಲೇ ಇತ್ತು. ಆದರೆ ಬಾಣಲೆಗೆ ಹಾಕುವುದಕ್ಕಲ್ಲ. ಜಾಮಿಟ್ರಿ ಬಾಕ್ಸಿನ ಹಳೇ ಸ್ಕೇಲಿನ ಪಕ್ಕ ಒಂದೊಂದೇ ಎಲೆ ಮಲಗಿಸಿ ಉದ್ದ ಬರೆದುಕೊಳ್ಳುತ್ತಿದ್ದೆ. ಮೂವತ್ತೇಳನೇ ಎಲೆಗೆ ಬರುವಷ್ಟರಲ್ಲಿ ಸಾಸಿವೆ ಸೀದು, ಇಂಗು ಹೊಗೆಯಾಗಿ, ಅಮ್ಮ ಪೂಜೆ ಅರ್ಧಕ್ಕೇ ಬಿಟ್ಟು ಓಡಿ ಬಂದಳು.

"ಏನೇ ಮಾಡ್ತಿದೀಯ?"

"ಮರ ಬರೀತಿದೀನಿ ಅಮ್ಮ."

ಗಿರಿನಗರದ ನಮ್ಮ ಮನೆಯಲ್ಲಿ ಈ ಉತ್ತರಕ್ಕೆ ಈಗ ಯಾರೂ ಬೆಚ್ಚುವುದಿಲ್ಲ. ಮೂರು ತಿಂಗಳಿಂದ ನಾನು ಕೋಡಿಂಗ್ ಕಲಿಯುತ್ತಿದ್ದೇನೆ. ಬೆಂಗಳೂರಲ್ಲಿ ಹೀಗಂದ ತಕ್ಷಣ ಎದುರುಮನೆ ಆಂಟಿ "ಯಾವ ಕಂಪನಿ? ಎಷ್ಟು ಪ್ಯಾಕೇಜು?" ಅನ್ನುತ್ತಾರೆ. ಇದು ಆ ಜಾತಿಯದಲ್ಲ ಆಂಟಿ, ಚಿತ್ರ ಬರೆಯುವ ಕೋಡಿಂಗು. ಚಿತ್ರ ಬರೆಯುವವರಿಗೂ ಪ್ರೋಗ್ರಾಮ್ ಕೈಗೆಟುಕಲಿ ಅಂತ ಅಮೆರಿಕದ ಎಂಐಟಿಯಲ್ಲಿದ್ದ ಕೇಸಿ ರೀಸ್, ಬೆನ್ ಫ್ರೈ ಇಬ್ಬರೂ 2001ರಲ್ಲಿ 'ಪ್ರೊಸೆಸಿಂಗ್' ಅನ್ನುವ ಕೋಡಿಂಗ್ ಭಾಷೆ ಶುರು ಮಾಡಿದರಲ್ಲ, ಅದರ ವಂಶದ್ದು. ಬಿಕಾಂನಲ್ಲಿ ಸ್ಟ್ಯಾಟಿಸ್ಟಿಕ್ಸನ್ನು ಹರಕೆ ಹೊತ್ತು ಪಾಸು ಮಾಡಿದವಳು ನಾನು. ಕಲೆ ಅಂದಮೇಲೆ ಲೆಕ್ಕ ಇರಲ್ಲ ಅಂದುಕೊಂಡು ಸೇರಿದೆ. ಎರಡನೇ ಕ್ಲಾಸಿಗೇ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಹೇಳುವ ಸ್ಟ್ಯಾಂಡರ್ಡ್ ಡೀವಿಯೇಶನ್ ಎದುರಾಯಿತು, ಸಾಲ ಕೊಟ್ಟವನು ಮದುವೆಮನೆಯಲ್ಲಿ ಸಿಕ್ಕ ಹಾಗೆ.

ನನ್ನ ಮೊದಲ ಮರ ತಲೆಕೆಳಗಾಗಿ ಬಂತು. ಪರದೆಯ ಮೇಲೆ ಸೊನ್ನೆ ಇರುವುದು ಎಡಗಡೆ ಮೇಲಿನ ಮೂಲೆಯಲ್ಲಿ. ಅಲ್ಲಿಂದ ಅಂಕಿ ಹೆಚ್ಚಿದಷ್ಟೂ ಕೆಳಕ್ಕೆ ಇಳಿಯುತ್ತದೆ. ಸ್ಕೂಲಲ್ಲಿ ಕಲಿತ ಗ್ರಾಫಿಗೆ ಪೂರ್ತಿ ಉಲ್ಟಾ. ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಅಜ್ಜಿ ಕನ್ನಡಕ ಏರಿಸಿ ನೋಡಿ ಕೈಮುಗಿದರು. "ಅಶ್ವತ್ಥ ಕಣೇ! ಬೇರು ಮೇಲೆ, ಕೊಂಬೆ ಕೆಳಗೆ. ಗೀತೆ ಹದಿನೈದನೇ ಅಧ್ಯಾಯ." ಅವರ ಸಮಾಧಾನಕ್ಕೆ ಆ ಫೈಲನ್ನು ಇನ್ನೂ ಅಳಿಸಿಲ್ಲ.

ನೆಟ್ಟಗೆ ನಿಂತ ಎರಡನೇ ಮರ ಲ್ಯಾಪ್‌ಟಾಪನ್ನೇ ಮಲಗಿಸಿತು. ಪ್ರತಿ ಕೊಂಬೆ ಎರಡಾಗಿ ಕವಲೊಡೆಯಲಿ ಅಂತ ಬರೆದಿದ್ದೆ. ಹತ್ತು ಸಲ ಕವಲೊಡೆದರೆ ತುದಿಯಲ್ಲಿ 1,024 ರೆಂಬೆ, ಸೊಗಸಾಗಿರುತ್ತದೆ. ನಾನು ಧಾರಾಳವಾಗಿ 25 ಅಂತ ಹಾಕಿದೆ. ಮೂರು ಕೋಟಿ ಮೂವತ್ತೈದು ಲಕ್ಷ ರೆಂಬೆ! ಲ್ಯಾಪ್‌ಟಾಪ್ ದೋಸೆಹಿಟ್ಟು ರುಬ್ಬುವ ಸದ್ದು ಮಾಡಿ ಕಣ್ಣು ಮುಚ್ಚಿತು.

ನಡುವೆ 'ರ‍್ಯಾಂಡಮ್ ವಾಕ್' ಪಾಠವೂ ಬಂತು, ಅಂದರೆ ಪ್ರತಿ ಹೆಜ್ಜೆಯ ದಿಕ್ಕನ್ನೂ ಅದೃಷ್ಟಕ್ಕೆ ಬಿಟ್ಟ ನಡಿಗೆ. ಆ ಹೆಸರಿಟ್ಟು, ಹೀಗೆ ನಡೆದವನು ಎಷ್ಟು ದೂರ ಸರಿದಿರುತ್ತಾನೆ ಅಂತ ಪ್ರಶ್ನೆ ಕೇಳಿದವರು ಇಂಗ್ಲೆಂಡಿನ ಸ್ಟ್ಯಾಟಿಸ್ಟಿಕ್ಸ್ ಪಂಡಿತ ಕಾರ್ಲ್ ಪಿಯರ್ಸನ್, 1905ರಲ್ಲಿ. ಉತ್ತರ ಸಿಕ್ಕಮೇಲೆ ಅವರು ಅಂದದ್ದರ ಸಾರ ಇಷ್ಟು: ತೂರಾಡುತ್ತಾ ಹೊರಟ ಕುಡುಕನನ್ನು ಹುಡುಕಬೇಕಾದರೆ ಹೊರಟ ಜಾಗದ ಸುತ್ತಮುತ್ತಲೇ ನೋಡಿ. ಹತ್ತು ಸಾವಿರ ಹೆಜ್ಜೆ ಹಾಕಿದರೂ ಅವನು ಸಾಮಾನ್ಯವಾಗಿ ಸರಿಯುವುದು ನೂರು ಹೆಜ್ಜೆಯ ಆಸುಪಾಸು. ಹಬ್ಬದ ಹಿಂದಿನ ದಿನ ಅಮ್ಮನ ಜೊತೆ ಗಾಂಧಿ ಬಜಾರಿಗೆ ಹೋದವರಿಗೆ ಇದಕ್ಕೆ ಸೂತ್ರ ಬೇಕಿಲ್ಲ. ಎರಡು ಗಂಟೆ ಸುತ್ತಿ, ಕೊನೆಗೆ ಮೊದಲು ಕೇಳಿದ ಹೂವಿನವಳ ಮುಂದೆಯೇ ನಿಂತಿರುತ್ತೇವೆ.

ಇನ್ನು ಎಲೆ. ಒಂದರಿಂದ ಆರರವರೆಗೆ ಯಾವ ಉದ್ದ ಬೇಕಾದರೂ ಬರಲಿ ಅಂತ ಬಿಟ್ಟರೆ ಮರ ಇಲಿ ಕಡಿದ ಪೊರಕೆಯ ಹಾಗೆ ಕಂಡಿತು. "ಗಿಡ ಹಾಗೆ ಮನಸ್ಸಿಗೆ ಬಂದಂತೆ ಬೆಳೆಯಲ್ಲಮ್ಮ, ಹೆಚ್ಚಿನವು ಸರಾಸರಿ ಹತ್ತಿರ, ತೀರಾ ಉದ್ದ, ತೀರಾ ಗಿಡ್ಡ ಅಪರೂಪ" ಅಂತ ಮೇಷ್ಟ್ರು ಬೋರ್ಡಿನ ಮೇಲೆ ಗಂಟೆಯಾಕಾರದ ಗೆರೆ ಎಳೆದರು. ಸರಿ, ಸರಾಸರಿ ಮೂರು ಕೊಟ್ಟೆ. ಡೀವಿಯೇಶನ್ ಜಾಸ್ತಿ ಇದ್ದಷ್ಟೂ ಕಲೆ ಜಾಸ್ತಿ ಅಂದುಕೊಂಡು ಅದಕ್ಕೂ ಮೂರೇ ಕೊಟ್ಟೆ. ಸುಮಾರು ಆರರಲ್ಲೊಂದು ಎಲೆಯ ಉದ್ದ ಸೊನ್ನೆಗಿಂತ ಕಮ್ಮಿಯಾಗಿ, ಕೊಂಬೆ ತೂರಿಕೊಂಡು ಹಿಂದಕ್ಕೆ ಬೆಳೆಯಿತು. "ನಿಜವಾದ ಎಲೆ ಅಳೆದುಕೊಂಡು ಬನ್ನಿ" ಅಂದರು ಮೇಷ್ಟ್ರು. ಲಾಲ್‌ಬಾಗಿನಲ್ಲಿ ಎಲೆ ಕಿತ್ತು ಬೈಸಿಕೊಳ್ಳುವುದಕ್ಕಿಂತ ಅಡುಗೆಮನೆ ವಾಸಿ ಅನ್ನಿಸಿತು.

ಒಟ್ಟು 120 ಎಲೆ. ಗ್ರಾಫ್ ಹಾಕಿದರೆ ಗಂಟೆಯ ಬದಲು ಒಂಟೆ! ಎರಡೂವರೆ ಸೆಂಟಿಮೀಟರಿಗೆ ಒಂದು ಡುಬ್ಬ, ನಾಲ್ಕೂವರೆಗೆ ಇನ್ನೊಂದು, ನಡುವೆ ಹಳ್ಳ. ಸ್ಕೇಲ್ ಅನುಮಾನಿಸಿದೆ. ಕೋಡ್ ಸಾಲುಸಾಲಾಗಿ ಓದಿದೆ. ರಾತ್ರಿ ಹನ್ನೊಂದಾಯಿತು. ನೀರು ಕುಡಿಯಲು ಎದ್ದ ಅಮ್ಮ ನನ್ನ ಭುಜದ ಮೇಲಿಂದ ಬಗ್ಗಿದಳು.

"ಇದೇನು ಇಷ್ಟು ಸಣ್ಣವು?"

"ಎಲೆ ಉದ್ದ ಅಮ್ಮ. ಎರಡು ಗುಂಪಾಗಿಬಿಟ್ಟಿದೆ, ಯಾಕೋ ಗೊತ್ತಿಲ್ಲ."

"ಯಾಕೋ ಅಂತೆ! ಸಣ್ಣವು ನಮ್ಮ ಟೆರೇಸಿನ ಕುಂಡದ್ದು. ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಎದ್ದಮೇಲೆ ಬಿಸಿಲೆಲ್ಲಿದೆ ಅದಕ್ಕೆ? ದೊಡ್ಡವು ಮಾರ್ಕೆಟ್‌ದು. ನಿನ್ನೆ ಎರಡನ್ನೂ ಒಂದೇ ಡಬ್ಬಿಗೆ ತುಂಬಿಟ್ಟಿದ್ದೆ."

ಲೈಟ್ ಆರಿಸು ಅಂತ ಹೇಳಿ ಮಲಗಲು ಹೋದಳು. ಬೇರೆ ಬೇರೆ ಮಾಡಿ ನೋಡಿದರೆ ಎರಡು ಪುಟ್ಟ ಗಂಟೆ, ಸ್ವಲ್ಪ ಸೊಟ್ಟಗೆ.

ಮಾರನೇ ದಿನ ಊಟಕ್ಕೆ ಕೂತಾಗ ಅಪ್ಪ ಎಂದಿನಂತೆ ಸಾರಿನ ಕರಿಬೇವನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿದರು. ಎಲ್ಲ ಉದ್ದುದ್ದದ ಎಲೆಗಳೇ. ಸಣ್ಣವು ಒಂದೂ ಇಲ್ಲ. ಕಣ್ಣಿಗೆ ಬೀಳದೆ ಅನ್ನದ ಜೊತೆ ಒಳಗೆ ಹೋಗಿರಬೇಕು. ಅವರು ತಟ್ಟೆ ಎತ್ತಿಕೊಂಡು ಏಳುವುದಕ್ಕೂ ನಾನು ಸ್ಕೇಲ್ ಹಿಡಿದು ಬರುವುದಕ್ಕೂ ಸರಿಹೋಯಿತು.

"ಅಪ್ಪ, ಎಸೀಬೇಡಿ. ಒಂದ್ನಿಮಿಷ."