ಬೆನ್ನಿಗೊಂದು ಬೇತಾಳ, ನಡುವೆ ನಾಲ್ಕು ಕೊಂಡಿ

ಏಣಿಯ ಮೂರನೇ ಮೆಟ್ಟಿಲು ಹತ್ತಿ ಫ್ಯಾನ್ ಒರೆಸಬೇಕಾದರೂ ಕೆಳಗೆ ಯಾರಾದರೂ ಹಿಡಿದುಕೊಂಡಿರಬೇಕು ಎನ್ನುವ ಮನುಷ್ಯ ನಾನು. ಅಂಥವನು 13,000 ಅಡಿ ಎತ್ತರದಲ್ಲಿ ವಿಮಾನದಿಂದ ಹೊರಗೆ ಬಿದ್ದದ್ದು ಧೈರ್ಯದಿಂದಲ್ಲ, ಬಾಯಿಚಪಲದಿಂದ. ಪ್ರವಾಸದ ಮೂರನೇ ದಿನ ದೂರದಲ್ಲಿ ಬಣ್ಣಬಣ್ಣದ ಪ್ಯಾರಾಚೂಟುಗಳು ಇಳಿಯುತ್ತಿದ್ದವು. "ಇದ್ರಲ್ಲೇನಿದೆ? ಹಿಂದೆ ಒಬ್ಬ ಕಟ್ಟಿಕೊಂಡಿರ್ತಾನೆ, ನಾವು ಸುಮ್ನೆ ಜೋತು ಬೀಳೋದು ತಾನೇ" ಎಂದುಬಿಟ್ಟೆ. ಮಗಳು ತಲೆಯೆತ್ತದೆ ಮೊಬೈಲ್ ಒತ್ತುತ್ತಿದ್ದಳು. ಎರಡು ನಿಮಿಷ ಬಿಟ್ಟು, "ನಾಳೆ ಬೆಳಗ್ಗೆ ಒಂಬತ್ತಕ್ಕೆ ಅಪ್ಪಾ. ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರಲ್ಲ" ಎಂದಳು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದೆಂದರೆ ಇದೇ. ಜೀವ ಹೋದರೂ ಹೋಗಲಿ, ದುಡ್ಡು ಹೋಗಬಾರದು ಎನ್ನುವ ಜಾತಿಯವನು ನಾನು. ಅದು ಅವಳಿಗೆ ಚೆನ್ನಾಗಿ ಗೊತ್ತು.

ಹೆಂಡತಿ ಮಾತ್ರ ಗಂಭೀರವಾಗಿದ್ದಳು. "ಹಾರೋದು ಹಾರಿ. ಮೊದ್ಲು ಆ ಲಾಕರ್ ಕೀ ಎಲ್ಲಿಟ್ಟಿದ್ದೀರಿ ಅಂತ ನೆನಪು ಮಾಡ್ಕೊಳ್ಳಿ." ಆರು ತಿಂಗಳಿಂದ ಮನೆಯಲ್ಲಿ ನಡೆಯುತ್ತಿದ್ದ ವ್ಯಾಜ್ಯ ಅದು. ನೆನಪಾಗಲಿಲ್ಲ.

ರಾತ್ರಿ ನಿದ್ದೆಯೂ ಬರಲಿಲ್ಲ. ಮೊಬೈಲ್ ಹಿಡಿದು ಓದುತ್ತ ಕುಳಿತೆ. 1797ರ ಅಕ್ಟೋಬರ್ 22ರಂದು ಪ್ಯಾರಿಸ್‌ನಲ್ಲಿ ಆಂದ್ರೆ ಜಾಕ್ ಗಾರ್ನರಾ ಬಲೂನಿನಲ್ಲಿ ಮೇಲೇರಿ, ಹಗ್ಗ ಕತ್ತರಿಸಿಕೊಂಡು, ರೇಷ್ಮೆಯ ಪ್ಯಾರಾಚೂಟಿಗೆ ನೇತುಬಿದ್ದ ಬುಟ್ಟಿಯಲ್ಲಿ ಇಳಿದನಂತೆ. ನೆತ್ತಿಯಲ್ಲಿ ಗಾಳಿ ಹೊರಹೋಗಲು ತೂತಿಲ್ಲದ್ದರಿಂದ ಬುಟ್ಟಿ ದಾರಿಯುದ್ದಕ್ಕೂ ತೊಟ್ಟಿಲಿನ ಹಾಗೆ ಜೀಕಿತಂತೆ. ಎತ್ತರದಿಂದ ಬೀಳುವವನಿಗೆ ಮಧ್ಯದಲ್ಲೇ ಪ್ರಜ್ಞೆ ಹೋಗುತ್ತದೆ ಎಂದು ಬಹಳ ಕಾಲ ಜನ ನಂಬಿದ್ದರಂತೆ. 1919ರಲ್ಲಿ ಅಮೆರಿಕದ ಲೆಸ್ಲಿ ಇರ್ವಿನ್ ವಿಮಾನದಿಂದ ಹಾರಿ, ಬೀಳುತ್ತಲೇ ತಾನೇ ಹಗ್ಗ ಎಳೆದು ಪ್ಯಾರಾಚೂಟ್ ಬಿಚ್ಚಿಕೊಂಡು, ಅದು ಸುಳ್ಳೆಂದು ತೋರಿಸಿದ. ಇಳಿಯುವಾಗ ಕಾಲು ಮುರಿದುಕೊಂಡ. ಕೊನೆಯ ವಾಕ್ಯ ಓದಬಾರದಿತ್ತು.

ಬೆಳಗ್ಗೆ ಮಗಳ ಸಮಾಧಾನ: "2012ರಲ್ಲಿ ಫೆಲಿಕ್ಸ್ ಬಾಮ್‌ಗಾರ್ಟ್ನರ್ 39 ಕಿಲೋಮೀಟರ್ ಎತ್ತರದಿಂದ ಹಾರಿದ್ದ ಅಪ್ಪಾ. ನಿಂದು ಬರೀ ನಾಲ್ಕು." ಬರೀ ನಾಲ್ಕು!

ಅಲ್ಲಿ ಮೊದಲು ಕೊಟ್ಟದ್ದು ಫಾರಂ. ಏನಾದರೂ ಆದರೆ ನಾವು ಹೊಣೆಯಲ್ಲ ಎಂಬ ಒಂದೇ ವಿಷಯವನ್ನು ಪುಟಗಟ್ಟಲೆ ಬೇರೆ ಬೇರೆ ಮಾತುಗಳಲ್ಲಿ ಬರೆದಿದ್ದರು. ಪುಟಪುಟಕ್ಕೂ ಸಹಿ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ನನ್ನ ಸಹಿ ಮೊದಲ ಪುಟದ ಸಹಿಗೆ ದೂರದ ನೆಂಟನಂತೆ ಕಾಣುತ್ತಿತ್ತು. ಆಮೇಲೆ ಎಲ್ಲರೆದುರು ತೂಕ. ಸಿಬ್ಬಂದಿ "86" ಎಂದು ಕೂಗಿ ಹೇಳಿದ.

"ರೀ, ಮನೇಲಿ 78 ಅಂತಿದ್ರಲ್ಲ?"

"ಬೂಟಿನ ತೂಕ ಕಣೇ."

"ಬೂಟೇನು ಕಬ್ಬಿಣದ್ದಾ?"

ತೂಕ ಮಿತಿ ಮೀರಿ ವಾಪಸ್ ಕಳಿಸಿಯಾರೇನೋ ಎಂಬ ಆಸೆಯಿತ್ತು. ಹೆಂಡತಿಯೆದುರು ಮಾನ ಹೋಯಿತೇ ವಿನಾ ಮಿತಿ ಮೀರಲಿಲ್ಲ.

ಇನ್‌ಸ್ಟ್ರಕ್ಟರ್ ಆರಡಿಯ ಆಳು, ಸದಾ ನಗುಮುಖ. ತೊಡೆ, ಸೊಂಟ, ಎದೆಗೆಲ್ಲ ಪಟ್ಟಿ ಬಿಗಿದ. ಕುದುರೆಗೆ ಜೀನು ಬಿಗಿದ ಹಾಗಾಗಿ ನಾನು ಕಾಲಗಲಿಸಿಕೊಂಡು ನಡೆಯತೊಡಗಿದೆ. ನನಗೆ ಇದ್ದದ್ದು ಮೂರೇ ಕೆಲಸ: ಹಾರುವಾಗ ಬಾಳೆಹಣ್ಣಿನ ಹಾಗೆ ಬಾಗಬೇಕು, ಕೈಯಲ್ಲಿ ಎದೆಯ ಪಟ್ಟಿ ಹಿಡಿದಿರಬೇಕು, ಇಳಿಯುವಾಗ ಕಾಲು ಎತ್ತಬೇಕು. ನಾನು ಬಾಗಿ ತೋರಿಸಿದೆ. ಹೊಟ್ಟೆ ಮುಂದೆ ಬಂದು ತಲೆ, ಕಾಲು ಹಿಂದೆ ಹೋಗಬೇಕಂತೆ. ನಾನು ನಮಸ್ಕಾರ ಮಾಡುವವನ ಹಾಗೆ ಮುಂದಕ್ಕೆ ಬಾಗಿದ್ದೆ. ಬಾಳೆಹಣ್ಣು ಯಾವ ಕಡೆಗೆ ಬಾಗಿದೆ ಎನ್ನುವುದು ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲಲ್ಲವೇ?

ಚೀಲದಲ್ಲಿ ಎರಡು ಪ್ಯಾರಾಚೂಟ್ ಇರುತ್ತವೆ, ಮೊದಲನೆಯದು ಕೈಕೊಟ್ಟರೆ ಇನ್ನೊಂದು ಎಂದ. ಸಮಾಧಾನವಾಯಿತು. "ನನಗೆ ಪ್ರಜ್ಞೆ ತಪ್ಪಿದರೂ ಚಿಂತೆಯಿಲ್ಲ. ಕೆಳಗೆ ಬಂದರೂ ವೇಗ ಕಡಿಮೆಯಾಗದಿದ್ದರೆ ಒಂದು ಯಂತ್ರ ತಾನಾಗಿ ಎರಡನೆಯದನ್ನು ಬಿಚ್ಚುತ್ತದೆ" ಎಂದ. ಇದ್ದ ಸಮಾಧಾನವೂ ಹೋಯಿತು. ನಿನಗೆ ಯಾಕಪ್ಪಾ ಪ್ರಜ್ಞೆ ತಪ್ಪಬೇಕು?

ಕೊನೆಗೆ ಕೊಂಡಿ ತೋರಿಸಿದ. ಭುಜದ ಹತ್ತಿರ ಎರಡು, ಸೊಂಟದ ಹತ್ತಿರ ಎರಡು. ಈ ನಾಲ್ಕೇ ನನ್ನನ್ನು ಅವನಿಗೆ ಅಂಟಿಸಿಡುವುದು. ಬೆಕ್ಕು ಕಚ್ಚಿ ಹಿಡಿದ ಮರಿಯ ಹಾಗೆ ನಿಶ್ಚಿಂತೆಯಿಂದ ಇರಬೇಕಂತೆ. ಮರಿಗೆ ತಾಯಿಯ ಬಾಯಿ ನೋಡಿ ಅಭ್ಯಾಸವಿರುತ್ತದೆ. ನಮ್ಮಿಬ್ಬರ ಪರಿಚಯ ಇಪ್ಪತ್ತು ನಿಮಿಷದ್ದು.

ವಿಮಾನದೊಳಗೆ ಉದ್ದನೆಯ ಬೆಂಚಿನ ಮೇಲೆ ಒಬ್ಬರ ಹಿಂದೊಬ್ಬರು ಕುಳಿತೆವು. ಬಾಗಿಲು ಅಂಗಡಿಯ ಶಟರಿನಂಥದ್ದು, ಪಾರದರ್ಶಕ ಬೇರೆ. ಮನೆಗಳು ಬೆಂಕಿಪೊಟ್ಟಣದಷ್ಟಾದಾಗ, ಬಂದೇಬಿಟ್ಟಿತು ಎಂದು ಕಣ್ಣುಮುಚ್ಚಿದೆ. ಅವನು ಮಣಿಕಟ್ಟಿನ ಮೀಟರ್ ತೋರಿಸಿದ: 4,000 ಅಡಿ. ಮೂರನೇ ಒಂದು ಭಾಗವೂ ಆಗಿರಲಿಲ್ಲ. ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ತಂಪಾಗುತ್ತದೆ ಎಂದು ಓದಿದ್ದು ಆಗ ಉಪಯೋಗಕ್ಕೆ ಬಂತು. ನಡುಗಲು ಒಂದು ವೈಜ್ಞಾನಿಕ ಕಾರಣ ಸಿಕ್ಕಿತ್ತು.

ಕೊಂಡಿಗಳು ಟಕ್ ಟಕ್ ಎಂದು ಬಿದ್ದವು. ನಾಲ್ಕು. ಎಣಿಸಿದೆ. ಮತ್ತೊಮ್ಮೆ ಎಣಿಸು ಎಂದು ಅವನಿಗೂ ಹೇಳಿದೆ. ಅವನು ಕೈಯ ಕ್ಯಾಮೆರಾ ನನ್ನ ಮುಖಕ್ಕೆ ಹಿಡಿದು, "ಮನೆಯವರಿಗೆ ಏನಾದರೂ ಹೇಳುವುದಿದೆಯೇ?" ಎಂದ. ಆಗ ನೋಡಿ, ದೇವರ ನಾಮವಲ್ಲ, ಹೆಂಡತಿ ಮಕ್ಕಳ ಮುಖವಲ್ಲ, ಲಾಕರ್ ಕೀ ಇಟ್ಟ ಜಾಗ ಫಳ್ಳನೆ ಹೊಳೆಯಿತು! ಬಾಯಿ ತೆರೆದು ಕೂಗಿ ಹೇಳಿದೆ.

ಅಷ್ಟರಲ್ಲಿ ಶಟರ್ ಮೇಲೇರಿತು. ಹೊಸ್ತಿಲಲ್ಲಿ ನನ್ನ ಕಾಲುಗಳು ಹೊರಗೆ ತೂಗುತ್ತಿದ್ದವು. ಅವನು ಒಳಗೆ ಭದ್ರವಾಗಿ ಕುಳಿತಿದ್ದ, ನಾನಾಗಲೇ ಹೊರಗಿದ್ದೆ. ಬೆನ್ನಿನ ಬೇತಾಳ ಕಿವಿಯಲ್ಲಿ "ರೆಡಿ?" ಎಂದು ಕೇಳಿತು. ವಿಕ್ರಮನಿಗಾದರೂ ಉತ್ತರ ಗೊತ್ತಿರುತ್ತಿತ್ತು. ನಾನು "ಒಂದ್ನಿಮ್ಷ" ಎಂದೆ, ಕನ್ನಡದಲ್ಲಿ.

ಅವನಿಗೆ ಕನ್ನಡ ಬರುತ್ತಿರಲಿಲ್ಲ.

ಹೊಟ್ಟೆಯೊಳಗಿನದೆಲ್ಲ ಬಾಯಿಗೆ ಬರುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ವಿಮಾನದ ವೇಗ ಮೊದಲೇ ಮೈಗೆ ಹತ್ತಿರುತ್ತದೆ. ಹತ್ತಿರದಲ್ಲಿ ಹೋಲಿಸಿ ನೋಡಲು ಒಂದು ಮರವೂ ಇಲ್ಲ. ಬಸ್ಸಿನ ಕಿಟಕಿಗೆ ಮುಖವೊಡ್ಡಿದ ಹಾಗಿತ್ತು, ಬಸ್ಸು ಮಾತ್ರ ಗಂಟೆಗೆ 200 ಕಿಲೋಮೀಟರ್ ವೇಗದ್ದು. ಇಬ್ಬರ ಭಾರಕ್ಕೆ ಇನ್ನೂ ಜೋರಾಗಿ ಬೀಳಬೇಕಿತ್ತಂತೆ. ಬ್ರೇಕಿನ ಹಾಗೆ ಬೆನ್ನ ಹಿಂದೆ ಒಂದು ಪುಟಾಣಿ ಪ್ಯಾರಾಚೂಟ್ ಎಳೆಯುತ್ತಿತ್ತು. ಮುಕ್ಕಾಲು ನಿಮಿಷದಲ್ಲಿ ಎಂಟು ಸಾವಿರ ಅಡಿ ಇಳಿದಿದ್ದೆವು. ಮುಕ್ಕಾಲು ನಿಮಿಷದಲ್ಲಿ ನನಗೆ ಒಂದು ಬೂಟಿನ ಲೇಸ್ ಕಟ್ಟಲಾಗುವುದಿಲ್ಲ. ಉಸಿರಾಡುವುದು ಮರೆತಿದ್ದೆ ಎಂದು ಗೊತ್ತಾದದ್ದು 5,000 ಅಡಿಯಲ್ಲಿ ದೊಡ್ಡ ಪ್ಯಾರಾಚೂಟ್ ಬಿಚ್ಚಿ, ಯಾರೋ ಜುಟ್ಟು ಹಿಡಿದು ಮೇಲೆಳೆದ ಹಾಗಾದಾಗ.

ಆಮೇಲೆ ಎಂಥ ನಿಶ್ಶಬ್ದ! ಕೆಳಗೆ ಹೊಲಗಳು, ದಾರದೆಳೆಯಂಥ ರಸ್ತೆ. ಐದಾರು ನಿಮಿಷ ಹೀಗೇ ತೇಲುವುದಂತೆ. ಜೀವನದಲ್ಲಿ ಮೊದಲ ಬಾರಿಗೆ ಎತ್ತರ ನನಗೆ ಹಿಡಿಸತೊಡಗಿತ್ತು. ಆಗ ಅವನು ತಣ್ಣಗೆ ಹೇಳಿದ: "ಈಗ ಕೆಳಗಿನ ಎರಡು ಕೊಂಡಿ ಬಿಚ್ಚುತ್ತೇನೆ."

ಯಾಕೆ? ನಾನೇನು ಮಾಡಿದೆ?

"ನಿಮಗೆ ಆರಾಮಾಗಲಿ ಅಂತ. ಎಲ್ಲರಿಗೂ ಮಾಡುತ್ತೇವೆ." ನನಗೆ ಆರಾಮು ಬೇಡ, ಇಕ್ಕಟ್ಟಾಗಿಯೇ ಇರುತ್ತೇನೆ, ಹುಟ್ಟಿದಾಗಿನಿಂದ ಅದೇ ಅಭ್ಯಾಸ ಎಂದೆಲ್ಲ ಬೇಡಿಕೊಂಡೆ. ಟಕ್. ಟಕ್. ಸೊಂಟ ಒಂದೆರಡು ಇಂಚು ಕೆಳಗೆ ಜಾರಿತು, ಪ್ರಾಣ ಒಂದು ಮೈಲಿ. ಉಳಿದ ಎರಡು ಕೊಂಡಿಗಳಲ್ಲಿ ಒಂದೊಂದನ್ನು ಒಂದೊಂದು ಕೈಯಲ್ಲಿ ಹಿಡಿದೆ. ಅಕಸ್ಮಾತ್ ಅವು ಬಿಚ್ಚಿಕೊಂಡರೆ ನನ್ನ ಕೈಯಲ್ಲಿ ಕೊಂಡಿಗಳಾದರೂ ಇರುತ್ತಿದ್ದವು. ಪ್ಯಾರಾಚೂಟ್ ತಿರುಗಿಸುವ ಹಿಡಿಕೆ ಕೊಟ್ಟು "ನೀವೂ ಓಡಿಸಿ ನೋಡಿ" ಎಂದ. ನಾನು ಕೊಂಡಿ ಬಿಡಲಿಲ್ಲ.

ಹುಲ್ಲುಗಾವಲು ಮೇಲೇರಿ ಬಂತು. "ಲೆಗ್ಸ್ ಅಪ್!" ಎಂದ. ಇರ್ವಿನ್ ನೆನಪಾಗಿ ಗಾಬರಿಯಲ್ಲಿ ಎರಡೂ ಕೈ ಎತ್ತಿದೆ. "ಲೆಗ್ಸ್! ಲೆಗ್ಸ್!" ಎಂದು ಕಿರುಚಿದ; ಆ ದಿನ ಅವನ ಮುಖದಲ್ಲಿ ನಗುವಿಲ್ಲದ ಕ್ಷಣ ಅದೊಂದೇ ಇರಬೇಕು. ಕೊನೆಯ ಗಳಿಗೆಯಲ್ಲಿ ಮಂಡಿ ಹೇಗೋ ಮೇಲೆದ್ದಿತು. ಕುಂಡೆಯ ಮೇಲೆ ಹತ್ತಡಿ ಜಾರಿ ನಿಂತೆವು. ಪ್ಯಾಂಟು ಹಸಿರಾಗಿತ್ತು, ಕಾಲು ಸರಿಯಿತ್ತು.

ಸಂಜೆ ರೂಮಿನಲ್ಲಿ ವಿಡಿಯೋ ಹಾಕಿದಳು ಮಗಳು. ಗಾಳಿಗೆ ನನ್ನ ಕೆನ್ನೆಗಳು ಒಗೆದು ಒಣಹಾಕಿದ ಬನೀನಿನ ಹಾಗೆ ಪಟಪಟಿಸುವುದನ್ನು ನೋಡಿ ಹಾಸಿಗೆಯ ಮೇಲೆ ಉರುಳಾಡಿ ನಕ್ಕಳು. ಹೆಂಡತಿ ನಗಲಿಲ್ಲ. "ಸ್ವಲ್ಪ ಹಿಂದೆ ಹಾಕೇ" ಎಂದಳು.

ತೆರೆಯ ಮೇಲೆ ನಾನು ವಿಮಾನದಲ್ಲಿ ಕೂಗುತ್ತಿದ್ದೆ: "ಲಾಕರ್ ಕೀ ಸಿಕ್ತು ಕಣೇ! ಅದು ಬೀರುವಿನ..." ಶಟರ್ ತೆರೆಯಿತು. ಮುಂದೆ ಬರೀ ಗಾಳಿಯ ಭೋರ್ಗರೆತ.

"ಬೀರುವಿನ ಎಲ್ಲಿ ರೀ? ಮೇಲಾ, ಒಳಗಾ, ಹಿಂದೆಯಾ?"

ತಲೆ ಕೆರೆದುಕೊಂಡೆ. ನಾಲ್ಕು ಕಿಲೋಮೀಟರ್ ಮೇಲೆ ಅಷ್ಟು ಸ್ಪಷ್ಟವಾಗಿ ಹೊಳೆದದ್ದು ನೆಲಕ್ಕೆ ಬರುವಷ್ಟರಲ್ಲಿ ಎಲ್ಲೋ ಉದುರಿಹೋಗಿತ್ತು. ಮಗಳು ಆಗಲೇ ಮೊಬೈಲ್ ಕೈಗೆತ್ತಿಕೊಂಡಿದ್ದಳು.

"ನಾಳೆ ಹತ್ತು ಗಂಟೆಗೆ ಒಂದು ಸೀಟು ಖಾಲಿ ಇದೆ ಅಪ್ಪಾ."