ತೂಕದ ಯಂತ್ರ ಎಲ್ಲಿದೆ ಸ್ವಾಮಿ?

"ಎರಡು ವಾರದಿಂದ ಕೆಮ್ಮು ಇದೆಯಾ? ಜ್ವರ? ರಾತ್ರಿ ಬೆವರು? ತೂಕ ಇಳಿದಿದೆಯಾ?" ಟಿಬಿ (ಕ್ಷಯ) ಹುಡುಕೋಕೆ ಮನೆಮನೆಗೆ ಬರೋ ಆಶಾ ಕಾರ್ಯಕರ್ತೆಯ ನಾಲ್ಕು ಪ್ರಶ್ನೆ, ನಾಲ್ಕು "ಇಲ್ಲ", ಮುಂದಿನ ಮನೆ. ಟಿಬಿ ತಪಾಸಣೆ ಮುಗೀತು, ಫೋಟೋ ಅಪ್‌ಲೋಡ್ ಆಯ್ತು.

ತೂಕ ಇಳಿದಿದೆಯಾ ಅಂತ ಕೇಳ್ತಿರೋದು ಯಾರನ್ನ? ಹುಟ್ಟಿದ ಮೇಲೆ ತೂಕದ ಯಂತ್ರವನ್ನೇ ಹತ್ತದವರನ್ನ. ರವಿಕೆ ಸಡಿಲ ಆಗಿದೆಯಾ, ಬಳೆ ಮೊಣಕೈವರೆಗೂ ಜಾರುತ್ತಾ ಅಂತ ಕೇಳಿದ್ರೆ ನಿಜವಾದ ಉತ್ತರ ಬರುತ್ತೆ. ಫಾರಂನಲ್ಲಿ ಆ ಪ್ರಶ್ನೆ ಇಲ್ಲ. ಕೆಮ್ಮಿನ ವಿಷಯವೂ ಅಷ್ಟೇ. ಬೀಡಿ ಸೇದೋರ ಮನೇಲಿ, ಕಲ್ಲು ಕ್ವಾರಿಗೆ ಹೋಗೋರ ಮನೇಲಿ, ಒಲೆ ಊದೋ ಹೆಂಗಸರಿಗೆ ಕೆಮ್ಮು ಅನ್ನೋದು ರೋಗ ಅಂತ ಅನಿಸೋದೇ ಇಲ್ಲ. 2019–21ರ ರಾಷ್ಟ್ರೀಯ ಟಿಬಿ ಸಮೀಕ್ಷೆಯೇ ಹೇಳಿದೆ: ಎದೆಯ ಎಕ್ಸ್-ರೇ ತೆಗೆಯದೆ ಬರೀ ಲಕ್ಷಣ ಕೇಳಿ ಹೋಗಿದ್ರೆ ನೂರರಲ್ಲಿ 42 ರೋಗಿಗಳು ಕೈತಪ್ಪಿ ಹೋಗ್ತಿದ್ರು. ಆದ್ರೂ ಎಷ್ಟೋ ಊರಲ್ಲಿ ಎಕ್ಸ್-ರೇ ಬೇಕಂದ್ರೆ ತಾಲೂಕು ಆಸ್ಪತ್ರೆಗೆ ಹೋಗಬೇಕು. ಹೆಂಗಸರಿಗೆ ಬಸ್ಸು ಫ್ರೀ, ಸರಿ. ಹೋದ ದಿನದ ಕೂಲಿ ಯಾರು ಕೊಡ್ತಾರೆ? ಅಷ್ಟು ದೂರ ಹೋದ ಮೇಲೆ "ಇವತ್ತು ಟೆಕ್ನಿಷಿಯನ್ ರಜೆ" ಅಂದ್ರೆ ಎರಡನೇ ಸಲ ಯಾರೂ ಬರಲ್ಲ.

ಕಫದ ಡಬ್ಬಿ ಕೈಗೆ ಕೊಟ್ಟು ಕಳಿಸೋದು ಇನ್ನೊಂದು ನಾಟಕ. ಹೇಗೆ ತೆಗೀಬೇಕು ಅಂತ ಹೇಳೋಕೆ ಎರಡು ನಿಮಿಷ ಸಾಕು: ಬಾಯಿ ಮುಕ್ಕಳಿಸಿ, ಮನೆ ಹೊರಗೆ ಗಾಳಿಯಾಡೋ ಕಡೆ ನಿಂತು, ಎರಡು ಸಲ ಉಸಿರು ಪೂರ್ತಿ ಎಳೆದು ಬಿಟ್ಟು, ಮೂರನೇ ಸಲ ಎದೆಯ ಆಳದಿಂದ ಕೆಮ್ಮಿ ತೆಗೀರಿ, ಕನಿಷ್ಠ 2 ಮಿಲಿ ಬೇಕು, ಒಂದು ಸ್ಯಾಂಪಲ್ ಈಗ, ಇನ್ನೊಂದು ಬೆಳಗ್ಗೆ ಎದ್ದ ಕೂಡಲೇ. ಹೇಳದಿದ್ರೆ ಡಬ್ಬೀಲಿ ಬರೋದು ಎಂಜಲು. ಎಂಜಲನ್ನ ಎಂಥ ದುಬಾರಿ ಮೆಷಿನ್‌ಗೆ ಹಾಕಿದ್ರೂ ರಿಸಲ್ಟ್ ಹೆಚ್ಚಾಗಿ "ನೆಗೆಟಿವ್". ಆ ಒಂದು ಪದ ಹಿಡ್ಕೊಂಡು ಮನುಷ್ಯ ಇನ್ನಾರು ತಿಂಗಳು ಮನೆಯವರ ಮಧ್ಯೆ ಕೆಮ್ಮುತ್ತಾ ಮಲಗ್ತಾನೆ.

ಆಶಾ ಕಾರ್ಯಕರ್ತೆಯರನ್ನ ಬೈತಿಲ್ಲ. ಅವರ ಚೀಲದಲ್ಲಿ ತೂಕದ ಯಂತ್ರ ಇಟ್ಟವರು ಯಾರು? ಯಂತ್ರ ಇಲ್ಲ, ಆದ್ರೆ ಕಾಲಂ ತುಂಬಲೇಬೇಕು. ಹಾಗಾಗಿ ನೋಡಿದ ಅಂದಾಜಿಗೆ "45" ಅಂತ ಬರೆಯೋದು. ಇದು ಗುಮಾಸ್ತಿಕೆ ತಪ್ಪಲ್ಲ. ಟಿಬಿ ಮಾತ್ರೆಯ ಲೆಕ್ಕ ನಿಂತಿರೋದೇ ತೂಕದ ಮೇಲೆ: 25ರಿಂದ 34 ಕೆ.ಜಿ.ಗೆ ದಿನಕ್ಕೆ 2 ಮಾತ್ರೆ, 35ರಿಂದ 49ಕ್ಕೆ 3, 50ರಿಂದ 64ಕ್ಕೆ 4. ನಿಜವಾಗಿ 33 ಕೆ.ಜಿ. ಇರೋ ಹೆಂಗಸಿಗೆ 45 ಅಂತ ಬರೆದ್ರೆ ದಿನಾ ಒಂದು ಮಾತ್ರೆ ಹೆಚ್ಚು. ಮೊದಲೇ ಸೋತ ದೇಹ. ವಾಂತಿ, ಕಾಮಾಲೆ ಬಂದು ಆಕೆ ಮಾತ್ರೆ ಬಿಟ್ಟರೆ "ರೋಗಿ ಸಹಕರಿಸಲಿಲ್ಲ" ಅಂತ ಷರಾ.

ಊಟದ ವಿಷಯಕ್ಕೆ ಬಂದ್ರೆ ಮೈ ಉರಿಯುತ್ತೆ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ ಮಾಡಿದ ಅಧ್ಯಯನ 2023ರಲ್ಲೇ ಹೊರಬಂತು. ರೋಗಿಯ ಮನೆಯವರಿಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಇಷ್ಟಕ್ಕೇ ಮನೆಯವರಲ್ಲಿ ಹೊಸ ಟಿಬಿ 39% ಕಡಿಮೆ; ಹರಡಬಲ್ಲ ಶ್ವಾಸಕೋಶದ ಟಿಬಿ 48% ಕಡಿಮೆ. ರೋಗಿಗಳಲ್ಲೂ ಮೊದಲ ಎರಡು ತಿಂಗಳಲ್ಲಿ ತೂಕ 5% ಏರಿದವರಲ್ಲಿ ಸಾವು ಎಷ್ಟೋ ಕಡಿಮೆ. 38 ಕೆ.ಜಿ.ಯವರಿಗೆ 5% ಅಂದ್ರೆ ಎರಡು ಕೆ.ಜಿ.ಯೂ ಇಲ್ಲ. ಅದನ್ನ ತಿಳಿಯೋಕೂ ಬೇಕಾಗಿರೋದು ಅದೇ ಯಂತ್ರ.

ನಮ್ಮಲ್ಲಿ ಸಿಗೋದೇನು? ಟಿಬಿ ರೋಗಿಯ ಊಟಕ್ಕೆ ಅಂತ ಸರ್ಕಾರ ಖಾತೆಗೆ ಹಾಕೋ ನಿಕ್ಷಯ್ ಪೋಷಣ್ ಹಣ, ಅದೂ ರೋಗಿಗೆ ಮಾತ್ರ. 2018ರಿಂದ ತಿಂಗಳಿಗೆ 500 ಇತ್ತು, 2024ರ ನವೆಂಬರ್‌ನಿಂದ 1,000. ದಿನಕ್ಕೆ 33 ರೂಪಾಯಿ ಚಿಲ್ಲರೆ. ಎರಡು ಮೊಟ್ಟೆ, ಒಂದು ಲೋಟ ಹಾಲು ತಗೊಂಡ್ರೆ ಖಾಲಿ. ಅದೂ ಮನೇಲಿ ಮೂರು ಮಕ್ಕಳು ನೋಡ್ತಾ ಕೂತಿರುವಾಗ ಯಾವ ತಾಯಿ ಎರಡೂ ಮೊಟ್ಟೆ ತಾನೇ ತಿಂತಾಳೆ? ಇನ್ನು ಖಾತೆಗೆ ಬೀಳೋ ಕಥೆ. ಬ್ಯಾಂಕ್ ವಿಲೀನವಾಗಿ ಐಎಫ್‌ಎಸ್‌ಸಿ ಕೋಡ್ ಬದಲಾಗಿದೆ, ಪಾಸ್‌ಬುಕ್ ಹಳೇದು. ಜನಧನ್ ಖಾತೆ ನಿಷ್ಕ್ರಿಯ. ಆಧಾರ್‌ನಲ್ಲಿ ಒಂದು ಹೆಸರು, ಖಾತೆಯಲ್ಲಿ ಇನ್ನೊಂದು. ದುಡ್ಡು ವಾಪಸ್ ಹೋಗುತ್ತೆ, ರೋಗಿಗೆ ಹೇಳೋರಿಲ್ಲ.

ಮನೆಯವರಿಗೂ ಆಹಾರದ ಕಿಟ್ ಇದೆಯಂತೆ, ದಾನಿ ಸಿಕ್ಕರೆ! "ನಿಕ್ಷಯ್ ಮಿತ್ರ" ಅಂತ ಕರೆಯೋ ಆ ದಾನಿ ಬರ್ತಾರೆ, ಶಾಲು, ಬ್ಯಾನರು, ಮಧ್ಯದಲ್ಲಿ ಕಿಟ್ ಹಿಡ್ಕೊಂಡ ರೋಗಿ. ಅದೇ ಫೋಟೋ ಸಂಜೆಗೆ ಊರಿನ ವಾಟ್ಸಾಪ್ ಗ್ರೂಪಲ್ಲಿ. ಮಾರನೇ ದಿನ ಆ ರೋಗಿಯ ಮಗಳ ಮದುವೆ ಸಂಬಂಧ ಮುರಿದುಬಿದ್ರೆ ಅದಕ್ಕೆ ಯಾವ ಕಿಟ್ ಕೊಡ್ತೀರಿ? ಮುಂದಿನ ತಿಂಗಳು ಮಿತ್ರರ ಪತ್ತೆ ಇಲ್ಲ.

ಮಾತ್ರೆ ಶುರುವಾಗಿ ಮೂರ್ನಾಲ್ಕು ವಾರಕ್ಕೆ ಜ್ವರ ಇಳಿದು ಹಸಿವು ವಾಪಸ್ ಬರುತ್ತೆ. ದೇಹ ಕೇಳೋದೇ ಆಗ. ಪಡಿತರದ ಅಕ್ಕಿ ಇದ್ರೂ ಎಷ್ಟೋ ಮನೇಲಿ ಬೇಳೆ ಇರಲ್ಲ. "ಗುಳಿಗಿ ನುಂಗಿದ್ರ ಹಸಿವು ತಡಿಯಾಕಾಗಲ್ರೀ" ಅಂತ ರಾಯಚೂರು, ಯಾದಗಿರಿ ಕಡೆ ಜನ ಮಾತ್ರೆ ಬಿಡೋದು ಇದೇ ಹೊತ್ತಿಗೆ. ಅದಕ್ಕೂ ಫಾರಂನಲ್ಲಿ ಕಾಲಂ ಇಲ್ಲ.