ಅಳಿಯನಿಗೆ ಮುಖಪುಟ, ಡ್ರೈವರ್‌ಗೆ ಮೂಲೆ

ಸಂಪಾದಕರೇ, ವಿದೇಶಿ ಪತ್ರಿಕೆಗಳು ಭಾರತೀಯರನ್ನು ತೋರಿಸುವ ರೀತಿಯ ಬಗ್ಗೆ ನಿಮ್ಮ ಲೇಖನದಲ್ಲಿ, ಅವರಿಗೆ ನಾವಿನ್ನೂ ಹಾವಾಡಿಗರೇ ಅಂತ ಬರೆದಿದ್ದೀರಿ. ನಿಜ. 2014ರಲ್ಲಿ ಮಂಗಳಯಾನ ಗುರಿ ಮುಟ್ಟಿದಾಗ ನ್ಯೂಯಾರ್ಕ್ ಟೈಮ್ಸ್ ವ್ಯಂಗ್ಯಚಿತ್ರದಲ್ಲಿ ರೈತನೊಬ್ಬ ಹಸು ಹಿಡಿದುಕೊಂಡು ಬಾಹ್ಯಾಕಾಶ ಕ್ಲಬ್ಬಿನ ಬಾಗಿಲು ಬಡಿಯುತ್ತಿದ್ದ. ಆ ನೌಕೆಯನ್ನು ನಡೆಸಿದ್ದು ನಮ್ಮ ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರದಿಂದ! ಆಮೇಲೆ ಪತ್ರಿಕೆಯವರು ಕ್ಷಮೆ ಕೇಳಿದರು ಬಿಡಿ.

ಆದರೆ ನಮ್ಮ ಚಾನೆಲ್‌ಗಳೇನು ಕಮ್ಮಿ? 2022ರಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರ ಅಳಿಯ ರಿಷಿ ಸುನಕ್ ಬ್ರಿಟನ್ ಪ್ರಧಾನಿಯಾದಾಗ ದಿನವಿಡೀ ‘ಬೆಂಗಳೂರಿನ ಅಳಿಯ’. 2024ರ ಜೂನ್‌ನಲ್ಲಿ ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಜಾಸ್ತಿ ಭಾರತೀಯರು ಸತ್ತಾಗ, ನಮ್ಮ ಮನೆಯಲ್ಲಿ ನೋಡುವ ಚಾನೆಲ್ ಎರಡು ದಿನಕ್ಕೆ ಸುಮ್ಮನಾಯಿತು. ನಮ್ಮ ಚಿಕ್ಕಮ್ಮನ ಮಗ ಕುವೈತ್‌ನಲ್ಲೇ ಡ್ರೈವರ್. ಒಂದು ರೂಮಿಗೆ ಎಂಟು ಜನ, ಮಂಚದ ಮೇಲೊಂದು ಮಂಚ. ವಿಡಿಯೋ ಕಾಲ್‌ನಲ್ಲಿ ಗೋಡೆ ಮಾತ್ರ ತೋರಿಸ್ತಾನೆ. ಅಂಥವರ ಪಾಸ್‌ಪೋರ್ಟ್ ಅವರ ಕೈಲಿದೆಯೋ ಮಾಲೀಕರ ಕೈಲಿದೆಯೋ ಅನ್ನೋದನ್ನೂ ಒಮ್ಮೆ ಬರೆಯಿರಿ ಸಾರ್.